ಪಾಳಿ ಕೆಲಸ ಮತ್ತು ಆಸ್ಪತ್ರೆ ಸಿಬ್ಬಂದಿಯ ನಿದ್ದೆ: ಹುಬ್ಬಳ್ಳಿ-ಧಾರವಾಡ

ಪಾಳಿಯ ಮೇಲೆ ದುಡಿಯುವ ಆಸ್ಪತ್ರೆ ಸಿಬ್ಬಂದಿಗೆ ಎಷ್ಟು ನಿದ್ದೆ ಸಿಗುತ್ತದೆ, ಯಾವ ಹೊತ್ತಿನಲ್ಲಿ ಸಿಗುತ್ತದೆ, ಸಿಕ್ಕ ನಿದ್ದೆ ದಣಿವು ಕಳೆಯುವಷ್ಟು ಗಾಢವಾಗಿರುತ್ತದೆಯೆ ಎಂಬ ಮೂರು ಪ್ರಶ್ನೆಗಳು ಈ ವಿಷಯದ ತಿರುಳು. ನಿದ್ರಾವಿಜ್ಞಾನ, ಶುಶ್ರೂಷಾಶಾಸ್ತ್ರ, ಕಾರ್ಮಿಕ ಆರೋಗ್ಯ ಮೂರೂ ಇದನ್ನು ಅಭ್ಯಾಸ ಮಾಡುತ್ತವೆ. ದಾದಿಯರು, ವೈದ್ಯರು ಮಾತ್ರವಲ್ಲದೆ ಲ್ಯಾಬ್ ಟೆಕ್ನಿಶಿಯನ್, ಎಕ್ಸ್‌ರೇ ವಿಭಾಗದವರು, ಫಾರ್ಮಸಿಸ್ಟ್, ಆಯಾ, ವಾರ್ಡ್‌ಬಾಯ್, ಸ್ವಚ್ಛತಾ ಸಿಬ್ಬಂದಿ, ಕಾವಲುಗಾರ, ಆಂಬುಲೆನ್ಸ್ ಚಾಲಕ ಎಲ್ಲರೂ ಇದರೊಳಗೆ ಬರುತ್ತಾರೆ.

ಉತ್ತರ ಕರ್ನಾಟಕದಲ್ಲಿ ಈ ವಿಷಯ ಹುಬ್ಬಳ್ಳಿ-ಧಾರವಾಡದಷ್ಟು ದಟ್ಟವಾಗಿ ಕಾಣುವ ಊರು ಕಡಿಮೆ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ 1957ರಲ್ಲಿ ಕರ್ನಾಟಕ ಮೆಡಿಕಲ್ ಕಾಲೇಜು ಆರಂಭವಾಯಿತು. 1996ರಲ್ಲಿ ಅದು ಸ್ವಾಯತ್ತಗೊಂಡು ಕರ್ನಾಟಕ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಅಂದರೆ ಕಿಮ್ಸ್ ಆಯಿತು. ಈಚೆಗೆ ಹೆಸರು ಮತ್ತೆ ಬದಲಾಗಿದ್ದರೂ ಜನರ ಬಾಯಲ್ಲಿ ಅದು ಈಗಲೂ ಕಿಮ್ಸೇ. ಹಳಬರ ಬಾಯಲ್ಲಿ ಕೆಎಂಸಿ. ಧಾರವಾಡ, ಗದಗ, ಹಾವೇರಿ, ಉತ್ತರ ಕನ್ನಡ, ಕೊಪ್ಪಳ, ಬಾಗಲಕೋಟೆ ಜಿಲ್ಲೆಗಳಿಂದ ರೋಗಿಗಳು ಅಲ್ಲಿಗೆ ಬರುತ್ತಾರೆ. 2003ರಲ್ಲಿ ಧಾರವಾಡದ ಸತ್ತೂರಿನಲ್ಲಿ ಎಸ್‌ಡಿಎಂ ವೈದ್ಯಕೀಯ ಕಾಲೇಜು ಮತ್ತು ಆಸ್ಪತ್ರೆ ತಲೆಯೆತ್ತಿತು. ಧಾರವಾಡದಲ್ಲಿ ಜಿಲ್ಲಾಸ್ಪತ್ರೆಯೂ, ಬ್ರಿಟಿಷರ ಕಾಲದ ಮಾನಸಿಕ ಆಸ್ಪತ್ರೆಯಿಂದ ಬೆಳೆದ ಡಿಮ್ಹಾನ್ಸ್ ಸಂಸ್ಥೆಯೂ, ಹುಬ್ಬಳ್ಳಿಯಲ್ಲಿ ರೈಲ್ವೆ ಆಸ್ಪತ್ರೆಯೂ ಇವೆ. ಇವುಗಳ ಜೊತೆಗೆ ಎರಡೂ ಊರುಗಳ ಬೀದಿಬೀದಿಯಲ್ಲಿ ನರ್ಸಿಂಗ್ ಹೋಮ್‌ಗಳಿವೆ. ರಾಷ್ಟ್ರೀಯ ಹೆದ್ದಾರಿ ಊರಿಗೆ ತಾಗಿಯೇ ಹೋಗುವುದರಿಂದ ಅಪಘಾತದ ಗಾಯಾಳುಗಳು ಅಪರಾತ್ರಿಯಲ್ಲೂ ಬರುತ್ತಾರೆ. 2008ರ ನವೆಂಬರ್ 1ರಂದು ರಾಜ್ಯದಲ್ಲಿ 108 ಆರೋಗ್ಯ ಕವಚ ಆಂಬುಲೆನ್ಸ್ ಸೇವೆ ಶುರುವಾದ ಮೇಲೆ ಹಳ್ಳಿಯ ಹೆರಿಗೆ, ಹಾವು ಕಡಿತ, ವಿಷಸೇವನೆ ಪ್ರಕರಣಗಳೂ ರಾತ್ರಿಯೇ ದೊಡ್ಡಾಸ್ಪತ್ರೆ ಮುಟ್ಟುವಂತಾಯಿತು. ರೋಗಿಗಳ ಮಟ್ಟಿಗೆ ಅದು ದೊಡ್ಡ ಉಪಕಾರ. ರಾತ್ರಿ ಪಾಳಿಯವರಿಗೆ ಮೊದಲು ಸಿಗುತ್ತಿದ್ದ ಅಷ್ಟಿಷ್ಟು ಬಿಡುವು ಅದರೊಂದಿಗೆ ಕರಗಿತು.

ಪಾಳಿಯ ಸ್ವರೂಪ

ಕರ್ನಾಟಕದ ಅನೇಕ ಆಸ್ಪತ್ರೆಗಳಲ್ಲಿ ದಾದಿಯರ ದಿನ ಮೂರು ತುಂಡು. ಮುಂಜಾನೆ ಎಂಟರಿಂದ ಮಧ್ಯಾಹ್ನ ಎರಡು, ಎರಡರಿಂದ ರಾತ್ರಿ ಎಂಟು, ರಾತ್ರಿ ಎಂಟರಿಂದ ಮುಂಜಾನೆ ಎಂಟು. ಹಗಲಿನ ಎರಡು ಪಾಳಿ ಆರಾರು ತಾಸಿನವು, ರಾತ್ರಿಯದು ಹನ್ನೆರಡು ತಾಸಿನದು. ಕೆಲವೆಡೆ ವಾರಗಟ್ಟಲೆ ಸತತ ನೈಟ್ ಬೀಳುತ್ತದೆ, ಅದು ಮುಗಿದ ಮೇಲೆ ನೈಟ್ ಆಫ್ ಸಿಗುತ್ತದೆ. ಹೌಸ್ ಸರ್ಜನ್ ಮತ್ತು ಪಿ.ಜಿ. ವೈದ್ಯರದು ಬೇರೆಯೇ ಲೆಕ್ಕ. ಹಗಲಿನ ಓಪಿಡಿ ಮುಗಿಸಿ ರಾತ್ರಿ ಕ್ಯಾಶುಯಲ್ಟಿ ನೋಡಿ, ಮರುದಿನ ಮತ್ತೆ ರೌಂಡ್ಸಿಗೆ ನಿಲ್ಲುವ ಪದ್ಧತಿ ದೇಶದ ಬೋಧನಾ ಆಸ್ಪತ್ರೆಗಳಲ್ಲಿ ಬಹುಕಾಲದಿಂದ ಬೇರೂರಿದೆ.

ರಾತ್ರಿ ಪಾಳಿಯ ಕಠಿಣ ಹೊತ್ತು ಮೂರರಿಂದ ಆರು. ಹತ್ತು, ಹನ್ನೊಂದರ ತನಕ ರೋಗಿಗಳ ಸಂಬಂಧಿಕರು, ಹೊಸ ಅಡ್ಮಿಶನ್, ಫೋನು ಎಂದು ವಾರ್ಡು ಎಚ್ಚರವಾಗಿರುತ್ತದೆ, ಸಿಬ್ಬಂದಿಯೂ ಚುರುಕಾಗಿರುತ್ತಾರೆ. ಮೂರು ದಾಟಿದ ಮೇಲೆ ಮೈ ತಣ್ಣಗಾಗಿ ಕಣ್ಣು ಉರಿಯತೊಡಗುತ್ತದೆ, ಓದಿದ ಸಾಲನ್ನೇ ಮತ್ತೆ ಓದುವಂತಾಗುತ್ತದೆ. ಆದರೆ ನಿಖರ ಕೆಲಸಗಳು ಬಂದು ಕೂರುವುದೂ ಆಗಲೇ. ರಾತ್ರಿಯೆಲ್ಲ ಹೋದ ನೀರು, ಬಂದ ಮೂತ್ರದ ಲೆಕ್ಕ ಕೂಡಿಸಬೇಕು. ಆರರ ಹೊತ್ತಿನ ಆಂಟಿಬಯಾಟಿಕ್ ಇಂಜೆಕ್ಷನ್‌ಗಳನ್ನು ಕಲಸಿಟ್ಟುಕೊಳ್ಳಬೇಕು. ಸಕ್ಕರೆ ನೋಡಿ ಇನ್ಸುಲಿನ್ ಯೂನಿಟ್ ಎಷ್ಟೆಂದು ತೀರ್ಮಾನಿಸಬೇಕು. ರಕ್ತದ ಮಾದರಿ ತೆಗೆದು ಸರಿಯಾದ ಟ್ಯೂಬಿಗೆ ಸರಿಯಾದ ಹೆಸರು ಹಚ್ಚಬೇಕು. ಮಕ್ಕಳ ವಾರ್ಡಿನಲ್ಲಾದರೆ ಔಷಧಿಯ ಪ್ರಮಾಣವನ್ನು ಮಗುವಿನ ತೂಕಕ್ಕೆ ತಕ್ಕಂತೆ ಭಾಗಿಸಬೇಕು. ಬರೆಯುವಾಗ ಒಂದು ದಶಮಾಂಶ ಬಿಂದು ಜರುಗಿದರೆ ಮಗುವಿನ ಮೈಗೆ ಹತ್ತು ಪಟ್ಟು ಔಷಧಿ ಹೋಗುತ್ತದೆ. ಮಿದುಳು ಮಲಗಲು ಹಟ ಹಿಡಿಯುವ ಹೊತ್ತಿನಲ್ಲೇ ಈ ಗಣಿತವೆಲ್ಲ ನಡೆಯಬೇಕಾಗಿದೆ ಎನ್ನುವುದು ರಾತ್ರಿ ಪಾಳಿಯ ಮೂಲ ತೊಡಕು.

ದೇಹದ ಗಡಿಯಾರ

ನಿದ್ದೆಯನ್ನು ಎರಡು ಶಕ್ತಿಗಳು ನಡೆಸುತ್ತವೆಂದು ಸ್ವಿಟ್ಜರ್ಲೆಂಡಿನ ಅಲೆಕ್ಸಾಂಡರ್ ಬೋರ್ಬೆಲಿ 1982ರಲ್ಲಿ ವಿವರಿಸಿದರು. ಒಂದು, ಎಚ್ಚರವಾಗಿದ್ದಷ್ಟೂ ಏರುತ್ತ ಹೋಗುವ ನಿದ್ದೆಯ ಒತ್ತಡ. ಮಿದುಳಿನಲ್ಲಿ ಅಡೆನೊಸಿನ್ ಕೂಡಿಕೊಳ್ಳುವುದು ಇದಕ್ಕೆ ಒಂದು ಕಾರಣ. ಚಹಾ, ಕಾಫಿಯ ಕೆಫೀನ್ ತಡೆಹಿಡಿಯುವುದು ಈ ಅಡೆನೊಸಿನ್ನಿನ ಪ್ರಭಾವವನ್ನು. ಇನ್ನೊಂದು, ಮಿದುಳಿನ ಹೈಪೊಥಲಾಮಸ್ಸಿನಲ್ಲಿರುವ ಒಂದು ಪುಟ್ಟ ನರಕೋಶಗುಚ್ಛ ನಡೆಸುವ ದಿನಚರಿಯ ಲಯ. ಇದು ಮುಖ್ಯವಾಗಿ ಕಣ್ಣಿಗೆ ಬೀಳುವ ಬೆಳಕನ್ನು ನೋಡಿ ಹೊತ್ತು ಹೊಂದಿಸಿಕೊಳ್ಳುತ್ತದೆ. ಕತ್ತಲಾದಾಗ ಮೆಲಟೋನಿನ್ ಸ್ರವಿಸುತ್ತದೆ. ಬೆಳಗಿನ ಜಾವ ನಾಲ್ಕೈದರ ಸುಮಾರಿಗೆ ದೇಹದ ಉಷ್ಣತೆ ಅತಿ ಕೆಳಮಟ್ಟಕ್ಕೆ ಇಳಿಯುತ್ತದೆ. ಈ ಗಡಿಯಾರ ಜೀವಕೋಶದೊಳಗೆ ಹೇಗೆ ನಡೆಯುತ್ತದೆ ಎಂಬುದನ್ನು ಕಂಡುಕೊಂಡ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬಾಶ್, ಮೈಕೆಲ್ ಯಂಗ್ ಅವರಿಗೆ 2017ರ ನೊಬೆಲ್ ಪ್ರಶಸ್ತಿ ಸಂದಿತು.

ರಾತ್ರಿ ಪಾಳಿ ಮುಗಿಸಿದವರಲ್ಲಿ ಈ ಎರಡು ಶಕ್ತಿಗಳು ಒಂದಕ್ಕೊಂದು ಎದುರು ನಿಲ್ಲುತ್ತವೆ. ಮುಂಜಾನೆ ಒಂಬತ್ತಕ್ಕೆ ಹಾಸಿಗೆಗೆ ಬಿದ್ದಾಗ ದಣಿವಿನಿಂದ ಥಟ್ಟನೆ ನಿದ್ದೆ ಹತ್ತುತ್ತದೆ. ಆದರೆ ಒಳಗಿನ ಗಡಿಯಾರ ಆಗಲೇ ಹಗಲು ಎಂದು ಸಾರಿಯಾಗಿರುತ್ತದೆ, ಮೈಯ ಉಷ್ಣತೆ ಏರುತ್ತಿರುತ್ತದೆ. ಮೂರು-ನಾಲ್ಕು ತಾಸಿನಲ್ಲಿ ಎಚ್ಚರವಾಗಿಬಿಡುತ್ತದೆ, ಮತ್ತೆ ಕಣ್ಣು ಮುಚ್ಚಿದರೂ ನಿದ್ದೆ ಬರುವುದಿಲ್ಲ. ಹಗಲು ನಿದ್ದೆ ರಾತ್ರಿ ನಿದ್ದೆಗಿಂತ ಒಂದರಿಂದ ನಾಲ್ಕು ತಾಸು ಕಡಿಮೆಯಿರುತ್ತದೆ ಎಂಬುದು ನಾನಾ ದೇಶಗಳ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡುಬಂದ ಸಂಗತಿ. ಇದಕ್ಕೆ ಮನೋಬಲವನ್ನೋ ಶಿಸ್ತನ್ನೋ ಹೊಣೆ ಮಾಡಿ ಪ್ರಯೋಜನವಿಲ್ಲ. "ರೂಢಿ ಆಗತದ ಬಿಡ್ರಿ" ಎಂದು ಹೊಸಬರಿಗೆ ಹಿರಿಯರು ಹೇಳುವುದುಂಟು; ಆದರೆ ವರ್ಷಾನುಗಟ್ಟಲೆ ನೈಟ್ ಮಾಡಿದವರಲ್ಲೂ ಬಹುಪಾಲು ಮಂದಿಯ ಗಡಿಯಾರ ಪೂರ್ತಿ ತಿರುಗುವುದಿಲ್ಲ. ರಜೆ ದಿನ ಮನೆಮಂದಿಯೊಡನೆ ಹಗಲಿನ ಬದುಕಿಗೆ ಮರಳುತ್ತಲೇ ತಿರುಗಿದ್ದಷ್ಟೂ ಹಿಂದಕ್ಕೆ ಬರುತ್ತದೆ.

ಅವಳಿ ನಗರದಲ್ಲಿ ಹಗಲು ನಿದ್ದೆ

ಹುಬ್ಬಳ್ಳಿ-ಧಾರವಾಡದಲ್ಲಿ ವರ್ಷವಿಡೀ ಸೂರ್ಯ ಹುಟ್ಟುವುದು ಬೆಳಗಿನ ಆರು-ಏಳರ ನಡುವೆ. ಎಂಟಕ್ಕೆ ಮುಂದಿನ ಪಾಳಿಯವರಿಗೆ ವಾರ್ಡು ಒಪ್ಪಿಸಿ ಹೊರಬಿದ್ದವರ ಮುಖಕ್ಕೆ ಮಳೆಗಾಲದ ಮೋಡದ ದಿನಗಳನ್ನು ಬಿಟ್ಟರೆ ಝಳಝಳ ಬಿಸಿಲೇ ಹೊಡೆಯುತ್ತದೆ. ವಾರ್ಡಿನ ದೀಪದ ಬೆಳಕು ನೂರಾರು ಲಕ್ಸ್ ಇದ್ದರೆ ಹೊರಗಿನ ಬೆಳಕು ಹತ್ತು ಸಾವಿರ ಲಕ್ಸಿಗೂ ಮೇಲೆ. ಧಾರವಾಡದಿಂದ ಹುಬ್ಬಳ್ಳಿಗೆ, ಹುಬ್ಬಳ್ಳಿಯಿಂದ ಸತ್ತೂರಿಗೆ ಓಡಾಡುವವರು ಚಿಗರಿ ಬಸ್ಸಿನ ಕಿಟಕಿ ಬದಿಯಲ್ಲೋ ಬೈಕಿನ ಮೇಲೋ ಈ ಬೆಳಕನ್ನು ಅರ್ಧ, ಮುಕ್ಕಾಲು ತಾಸು ಕಣ್ತುಂಬ ತುಂಬಿಕೊಂಡು ಮನೆ ಮುಟ್ಟುತ್ತಾರೆ. ಮಲಗಲು ಹೊರಟ ದೇಹಕ್ಕೆ ಎಚ್ಚರಾಗು ಎಂಬ ಸೂಚನೆ ದಾರಿಯಲ್ಲೇ ಸಿಕ್ಕಿರುತ್ತದೆ.

ಏಪ್ರಿಲ್-ಮೇ ತಿಂಗಳಲ್ಲಿ ಹುಬ್ಬಳ್ಳಿಯ ಮಧ್ಯಾಹ್ನ 37-38 ಡಿಗ್ರಿ ಮುಟ್ಟುತ್ತದೆ. ನಿದ್ದೆ ಆಳಕ್ಕಿಳಿಯಬೇಕಾದರೆ ಮೈ ತುಸು ತಣಿಯಬೇಕು. ತಗಡಿನ ಇಲ್ಲವೆ ಆರ್‌ಸಿಸಿ ಮಾಳಿಗೆಯ ಕೆಳಗಿನ ಕೋಣೆಯಲ್ಲಿ ಅದು ಆಗದ ಮಾತು. ಧಾರವಾಡ ಎತ್ತರದಲ್ಲಿದ್ದು ಗಿಡಮರ ಹೆಚ್ಚಿರುವುದರಿಂದ ಅಲ್ಲಿ ಸೆಕೆ ಒಂದಿಷ್ಟು ಕಡಿಮೆ. ಗಣೇಶ ಚೌತಿಯ ಹನ್ನೊಂದು ದಿನ, ಲಗ್ನದ ಸೀಜನ್, ಕಾಯಿಪಲ್ಲೆ ಗಾಡಿಯ ಕೂಗು, ಪಕ್ಕದ ಮನೆ ಕಟ್ಟಡದ ಕೆಲಸ, ಇವೆಲ್ಲ ಎಲ್ಲ ಊರಿನಲ್ಲೂ ಇರುವಂಥವೇ.

ಅವಳಿ ನಗರಕ್ಕೇ ವಿಶೇಷವಾದ ಒಂದು ಕಾರಣವಿದೆ: ನಳದ ನೀರು. ಮಲಪ್ರಭೆಯ ನೀರು ಬಹುಪಾಲು ಬಡಾವಣೆಗಳಿಗೆ ಹಲವು ದಿನಗಳಿಗೊಮ್ಮೆ ಬರುತ್ತಿದ್ದುದು ಇಲ್ಲಿನ ದಶಕಗಳ ಅನುಭವ. ಅದೂ ಗೊತ್ತಾದ ಹೊತ್ತಿಗಲ್ಲ. 2008ರ ಸುಮಾರಿಗೆ ವಿಶ್ವಬ್ಯಾಂಕಿನ ನೆರವಿನಿಂದ ಕೆಲವು ವಾರ್ಡುಗಳಿಗೆ ಇಪ್ಪತ್ತನಾಲ್ಕು ತಾಸು ನೀರು ಕೊಡುವ ಪ್ರಯೋಗ ನಡೆಯಿತು. ಉಳಿದ ವಾರ್ಡುಗಳು ಕಾಯುತ್ತಲೇ ಇದ್ದವು. ನೀರು ಯಾವಾಗ ಬಿಡುತ್ತಾರೆಂದು ಮೊಬೈಲಿಗೆ ಸಂದೇಶ ಕಳಿಸುವ ನೆಕ್ಸ್ಟ್‌ಡ್ರಾಪ್ ಎಂಬ ಉದ್ಯಮ 2010ರ ದಶಕದ ಆರಂಭದಲ್ಲಿ ಹುಬ್ಬಳ್ಳಿಯಲ್ಲೇ ಕಾರ್ಯ ಶುರುಮಾಡಿದ್ದು ಸುಮ್ಮನೆ ಆದದ್ದಲ್ಲ. ನಿದ್ದೆಯ ಅಧ್ಯಯನಗಳ ಪ್ರಶ್ನಾವಳಿಯಲ್ಲಿ ನೀರಿನ ಕಾಲಂ ಇರುವುದಿಲ್ಲ. ಆದರೆ ರಾತ್ರಿಯಿಡೀ ನಿಂತು ಬಂದ ಸಿಸ್ಟರ್ ಒಬ್ಬರು ಮಲಗಿ ಒಂದು ತಾಸು ಆಗುವಷ್ಟರಲ್ಲಿ "ನಳ ಬಂದ್ವು" ಎಂಬ ಕೂಗು ಕೇಳಿದರೆ ಏಳದೆ ವಿಧಿಯಿಲ್ಲ. ಬ್ಯಾರಲ್ಲು, ಕೊಡ, ತೊಟ್ಟಿ ತುಂಬುವಷ್ಟರಲ್ಲಿ ನಿದ್ದೆ ಹಾರಿಹೋಗಿರುತ್ತದೆ.

ಮನೆಯಲ್ಲಿ ಯಾರು ನೀರು ತುಂಬುತ್ತಾರೆ, ಯಾರು ಅಡಿಗೆ ಮಾಡುತ್ತಾರೆ, ಶಾಲೆಯಿಂದ ಬಂದ ಮಗುವಿಗೆ ಯಾರು ಬಾಗಿಲು ತೆಗೆಯುತ್ತಾರೆ ಎಂಬುದರ ಮೇಲೆ ಹಗಲು ನಿದ್ದೆಯ ಉದ್ದ ನಿಂತಿದೆ. ಒಂದೇ ವಾರ್ಡಿನಲ್ಲಿ ಒಂದೇ ಪಾಳಿ ಮಾಡುವ ಬ್ರದರ್‌ಗೂ ಸಿಸ್ಟರ್‌ಗೂ ಸಿಗುವ ನಿದ್ದೆ ಒಂದೇ ಆಗಿರುವುದಿಲ್ಲ. ಅತ್ತೆಯೋ ತಾಯಿಯೋ ಮನೆಯಲ್ಲಿದ್ದು "ಆಕಿ ಮಲ್ಕೊಂಡಾಳ, ಗದ್ದಲ ಮಾಡಬ್ಯಾಡ್ರಿ" ಎನ್ನುವ ಮನೆಗಳಲ್ಲಿ ಪರಿಸ್ಥಿತಿ ಹಗುರ. ಹಾಸ್ಟೆಲ್‌ನಲ್ಲಿರುವವರಿಗೆ ಮನೆಗೆಲಸದ ಹೊರೆ ಇಲ್ಲ, ಆದರೆ ಒಂದೇ ಕೋಣೆಯಲ್ಲಿ ಬೇರೆಬೇರೆ ಪಾಳಿಯವರು ಇರುವುದರಿಂದ ದೀಪ, ಅಲಾರಾಂ, ಬಾಗಿಲ ಸದ್ದು ತಪ್ಪುವುದಿಲ್ಲ.

ಅಳತೆ

ನಿದ್ದೆಯ ಗುಣಮಟ್ಟವನ್ನು ಅಳೆಯಲು ಹೆಚ್ಚು ಬಳಕೆಯಲ್ಲಿರುವುದು 1989ರಲ್ಲಿ ಡೇನಿಯಲ್ ಬೈಸಿ ಮತ್ತು ಸಂಗಡಿಗರು ರೂಪಿಸಿದ ಪಿಟ್ಸ್‌ಬರ್ಗ್ ನಿದ್ರಾ ಗುಣಮಟ್ಟ ಸೂಚ್ಯಂಕ. ಹಿಂದಿನ ಒಂದು ತಿಂಗಳ ಬಗ್ಗೆ 19 ಪ್ರಶ್ನೆಗಳು; ನಿದ್ದೆಯ ಬಗ್ಗೆ ಸ್ವಂತ ಅನಿಸಿಕೆ, ನಿದ್ದೆ ಹತ್ತಲು ಹಿಡಿಯುವ ಹೊತ್ತು, ಅವಧಿ, ಹಾಸಿಗೆಯಲ್ಲಿದ್ದ ಹೊತ್ತಿನಲ್ಲಿ ನಿದ್ದೆಯ ಪಾಲು, ಅಡಚಣೆಗಳು, ನಿದ್ದೆ ಮಾತ್ರೆ, ಹಗಲಿನ ಮಂಕು ಎಂಬ ಏಳು ಅಂಶಗಳು. ಪ್ರತಿಯೊಂದಕ್ಕೂ 0ರಿಂದ 3 ಅಂಕ, ಒಟ್ಟು 21. ಅಂಕ 5ನ್ನು ದಾಟಿದರೆ ನಿದ್ದೆ ಸರಿಯಿಲ್ಲ ಎಂದರ್ಥ. ಹತ್ತಕ್ಕೆ ಮಲಗಿ ಎರಡಕ್ಕೆ ಎದ್ದು ನಡುವೆ ಮೂರು ತಾಸು ನಿದ್ರಿಸಿದ ದಾದಿಯ ಲೆಕ್ಕ ಹಾಕಿದರೆ, ಅವಧಿ ಐದು ತಾಸಿಗಿಂತ ಕಡಿಮೆಯಾದ್ದರಿಂದ 3 ಅಂಕ, ನಿದ್ದೆಯ ಪಾಲು ಶೇ. 75 ಆದ್ದರಿಂದ 1 ಅಂಕ, ಎರಡೇ ಅಂಶಕ್ಕೆ 4 ಆಯಿತು. ಹಗಲಿನ ತೂಕಡಿಕೆಗೆ ಮೆಲ್ಬರ್ನಿನ ಮರ್ರೆ ಜಾನ್ಸ್ 1991ರಲ್ಲಿ ಮಾಡಿದ ಎಪ್‌ವರ್ತ್ ಮಾಪಕವಿದೆ. ಓದುತ್ತ ಕೂತಾಗ, ಊಟವಾದ ಮೇಲೆ ಸುಮ್ಮನೆ ಕೂತಾಗ, ವಾಹನದಲ್ಲಿ ಕೂತಾಗ ಎಂದು ಎಂಟು ಸಂದರ್ಭಗಳನ್ನು ಕೊಟ್ಟು ಜೊಂಪು ಹತ್ತುವ ಸಾಧ್ಯತೆಯನ್ನು ಅದು ಕೇಳುತ್ತದೆ.

ಪಿಟ್ಸ್‌ಬರ್ಗ್ ಸೂಚ್ಯಂಕ ನಮ್ಮ ವೈದ್ಯಕೀಯ, ನರ್ಸಿಂಗ್ ಕಾಲೇಜುಗಳ ಪ್ರಬಂಧಗಳಲ್ಲಿ ಬಲು ಜನಪ್ರಿಯ. ಆದರೆ ಪಾಳಿ ಕೆಲಸದವರಿಗೆ ಅದು ಹೊಂದುವುದು ಅರ್ಧ ಮಾತ್ರ. ಸಾಮಾನ್ಯವಾಗಿ ಎಷ್ಟು ಗಂಟೆಗೆ ಮಲಗುತ್ತೀರಿ ಎಂದು ಅದು ಕೇಳುತ್ತದೆ. ತಿಂಗಳಲ್ಲಿ ಒಂದು ವಾರ ಮುಂಜಾನೆ ಒಂಬತ್ತಕ್ಕೆ, ಉಳಿದ ವಾರ ರಾತ್ರಿ ಹನ್ನೊಂದಕ್ಕೆ ಮಲಗುವವರು ಏನೆಂದು ಬರೆಯಬೇಕು? ಸರಾಸರಿ ಬರೆದರೆ ನಿಜ ಮರೆಯಾಗುತ್ತದೆ. ಈ ಕೊರತೆ ತುಂಬಲು ನಾರ್ವೆಯಲ್ಲಿ ರೂಪಿಸಿ 2012ರಲ್ಲಿ ಪ್ರಕಟಿಸಿದ ಬರ್ಗನ್ ಪ್ರಶ್ನಾವಳಿ ಪ್ರತಿ ಪಾಳಿಯ ನಿದ್ದೆಯನ್ನೂ ಬೇರೆಬೇರೆಯಾಗಿ ಕೇಳುತ್ತದೆ. ಇಲ್ಲಿಯ ಸಂಶೋಧಕರು ಅದನ್ನು ಬಳಸುವುದು, ಇಲ್ಲವೆ ಎರಡು ವಾರದ ನಿದ್ದೆ ದಿನಚರಿಯನ್ನು ಕನ್ನಡದಲ್ಲೇ ಬರೆಸುವುದು ಹೆಚ್ಚು ಫಲಕಾರಿ. ಇಂಗ್ಲಿಷ್ ಪ್ರಶ್ನಾವಳಿ ಹಿಡಿದು ಹೋದರೆ ಆಯಾಗಳೂ ಕಾವಲುಗಾರರೂ ಎಣಿಕೆಯಿಂದಲೇ ಹೊರಗುಳಿಯುತ್ತಾರೆ.

ಪರಿಣಾಮಗಳು

ಹದಿನೇಳು ತಾಸು ಎಚ್ಚರವಾಗಿದ್ದವರ ಕೈಚಳಕ, ಗಮನ ರಕ್ತದಲ್ಲಿ ಶೇ. 0.05 ಮದ್ಯವಿದ್ದವರಷ್ಟು ಕುಗ್ಗುತ್ತದೆ, ಇಪ್ಪತ್ತನಾಲ್ಕು ತಾಸಾದರೆ ಶೇ. 0.10ರಷ್ಟು ಎಂದು ಆಸ್ಟ್ರೇಲಿಯದ ಡಾಸನ್ ಮತ್ತು ರೀಡ್ 1997ರಲ್ಲಿ ತೋರಿಸಿದರು. ಭಾರತದಲ್ಲಿ ವಾಹನ ಚಾಲಕರಿಗೆ ಕಾನೂನಿನ ಮಿತಿ ಶೇ. 0.03. ಬೋಸ್ಟನ್ನಿನ ಆಸ್ಪತ್ರೆಯೊಂದರ ತೀವ್ರ ನಿಗಾ ಘಟಕದಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, 24 ತಾಸಿಗೂ ಮೀರಿದ ಪಾಳಿಗಳಿದ್ದ ಹಳೆಯ ವೇಳಾಪಟ್ಟಿಯಲ್ಲಿ ದುಡಿದ ಇಂಟರ್ನ್‌ಗಳು, ಅಂಥ ಪಾಳಿ ತೆಗೆದುಹಾಕಿದ ಪಟ್ಟಿಯಲ್ಲಿ ದುಡಿದವರಿಗಿಂತ ಶೇ. 36ರಷ್ಟು ಹೆಚ್ಚು ಗಂಭೀರ ತಪ್ಪುಗಳನ್ನು ಮಾಡಿದ್ದರು. ಮರುವರ್ಷದ ಇನ್ನೊಂದು ಅಧ್ಯಯನದಲ್ಲಿ ಅಂಥ ದೀರ್ಘ ಪಾಳಿ ಮುಗಿಸಿ ವಾಹನ ಚಲಾಯಿಸಿಕೊಂಡು ಹೋದವರು ಅಪಘಾತಕ್ಕೀಡಾಗುವ ಸಂಭವ ಎರಡು ಪಟ್ಟಿಗೂ ಮೀರಿತ್ತು. ರಾತ್ರಿಯೆಲ್ಲ ಗಾಯಾಳುಗಳಿಗೆ ಹೊಲಿಗೆ ಹಾಕಿದ ಯುವವೈದ್ಯ ಬೆಳಿಗ್ಗೆ ಬೈಕ್ ಏರುವಾಗ ಅದೇ ರಸ್ತೆಗೆ ಇಳಿಯುತ್ತಾನೆ ಎಂಬುದನ್ನು ಆಡಳಿತಗಳು ಗಂಭೀರವಾಗಿ ತೆಗೆದುಕೊಂಡಿಲ್ಲ.

ದೀರ್ಘಾವಧಿಯಲ್ಲಿ ಮಧುಮೇಹ, ಹೃದ್ರೋಗ, ಬೊಜ್ಜು, ಖಿನ್ನತೆ, ಹೊಟ್ಟೆಯ ತೊಂದರೆ, ಮುಟ್ಟಿನ ಏರುಪೇರುಗಳಿಗೂ ರಾತ್ರಿ ಪಾಳಿಗೂ ನಂಟಿರುವುದು ವರದಿಯಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ರಾತ್ರಿ ಪಾಳಿ ಕೆಲಸವನ್ನು ಕ್ಯಾನ್ಸರಿಗೆ ಬಹುಶಃ ಕಾರಣವಾಗಬಲ್ಲದ್ದು ಎಂಬ 2ಎ ವರ್ಗಕ್ಕೆ 2007ರಲ್ಲಿ ಸೇರಿಸಿತು. 2019ರಲ್ಲಿ ಮರುಪರಿಶೀಲಿಸಿ ಅಲ್ಲೇ ಉಳಿಸಿತು. ಆಸ್ಪತ್ರೆಯವರಿಗಷ್ಟೇ ಇರುವ ಇನ್ನೊಂದು ಅಪಾಯವೂ ಉಂಟು: ನಿದ್ದೆ ಮಾತ್ರೆ ಅವರ ಕೈಗೆಟಕುವಷ್ಟು ಸುಲಭವಾಗಿ ಬೇರೆ ಪಾಳಿ ಕಾರ್ಮಿಕರ ಕೈಗೆಟಕುವುದಿಲ್ಲ. ಒಂದೆರಡು ದಿನಕ್ಕೆಂದು ತೆಗೆದುಕೊಂಡ ಆಲ್ಪ್ರಝೋಲಾಂ ಬಿಡಲಾಗದ ಚಟವಾಗಿ ಅಂಟಿಕೊಳ್ಳಬಲ್ಲದು.

ನಿಯಮಗಳು

ಹುಬ್ಬಳ್ಳಿ ರೈಲ್ವೆ ಊರು. ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಇಲ್ಲಿದೆ. ರೈಲು ಓಡಿಸುವ ಲೋಕೊ ಪೈಲಟ್‌ನ ನಿದ್ದೆ ಅಲ್ಲಿ ಇಲಾಖೆಯ ಕಾಳಜಿ. ರೈಲ್ವೆ ನೌಕರರ ದುಡಿಮೆಯ ತಾಸು ಮತ್ತು ವಿಶ್ರಾಂತಿಗೆ 2005ರ ನಿಯಮಗಳಿವೆ. ಎಂಟು ತಾಸು ಇಲ್ಲವೆ ಹೆಚ್ಚು ದುಡಿದು ಸ್ವಸ್ಥಾನಕ್ಕೆ ಮರಳಿದವರಿಗೆ 16 ತಾಸಿನ ವಿಶ್ರಾಂತಿ ಎಂಬ ಲೆಕ್ಕವಿದೆ. ಹೊರ ಊರಿನಲ್ಲಿ ಮಂಚ, ಊಟದ ವ್ಯವಸ್ಥೆಯ ರನ್ನಿಂಗ್ ರೂಮ್ ಇದೆ. ಇವು ಸರಿಯಾಗಿ ಜಾರಿಯಾಗುತ್ತಿಲ್ಲವೆಂದು ಲೋಕೊ ಪೈಲಟ್‌ಗಳು ಹೋರಾಡುತ್ತಲೂ ಇದ್ದಾರೆ. ಆದರೂ ತೂಕಡಿಸುವ ಚಾಲಕನಿಂದ ಪ್ರಯಾಣಿಕರಿಗೆ ಅಪಾಯ ಎಂಬ ತತ್ತ್ವವನ್ನು ಇಲಾಖೆ ಒಪ್ಪಿಕೊಂಡಿದೆ, ಹೋರಾಡಲು ಕೈಯಲ್ಲಿ ನಿಯಮವಿದೆ. ತೂಕಡಿಸುವ ದಾದಿಯಿಂದ ರೋಗಿಗೆ ಅಪಾಯ ಎಂಬುದು ಅಷ್ಟೇ ಸತ್ಯವಾದರೂ ಆಸ್ಪತ್ರೆಗಳಲ್ಲಿ ನಿದ್ದೆ ಇನ್ನೂ ಅವರವರ ಮನೆಯ ವಿಚಾರವಾಗಿಯೇ ಉಳಿದಿದೆ. ಈ ಲೇಖನದ ದೃಷ್ಟಿಯಲ್ಲಿ ಮೊದಲು ತಿದ್ದಬೇಕಾದದ್ದು ಇದೇ.

ವೈದ್ಯರ ಮಟ್ಟಿಗೆ ಕೇಂದ್ರ ಆರೋಗ್ಯ ಸಚಿವಾಲಯ 1992ರ ಜೂನ್ 5ರಂದು ಹೊರಡಿಸಿದ ನಿರ್ದೇಶನದಲ್ಲಿ ರೆಸಿಡೆಂಟ್ ವೈದ್ಯರಿಗೆ ಸಾಮಾನ್ಯವಾಗಿ ದಿನಕ್ಕೆ 12 ತಾಸು, ವಾರಕ್ಕೆ 48 ತಾಸು ಎಂದು ಹೇಳಿತ್ತು. ಅದು ಬಹುಮಟ್ಟಿಗೆ ಕಾಗದದಲ್ಲೇ ಉಳಿಯಿತು. 2024ರ ಆಗಸ್ಟ್‌ನಲ್ಲಿ ಕೋಲ್ಕತ್ತಾದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ, ದೀರ್ಘ ಪಾಳಿಯ ನಡುವೆ ಸೆಮಿನಾರ್ ಕೋಣೆಯಲ್ಲಿ ಮಲಗಿದ್ದ ಯುವವೈದ್ಯೆಯ ಮೇಲೆ ಅತ್ಯಾಚಾರ, ಕೊಲೆ ನಡೆದಾಗ ಮಲಗಲು ಸುರಕ್ಷಿತ ಕೋಣೆಯೂ ಇಲ್ಲವೆಂಬ ಸಂಗತಿ ದೇಶದ ಮುಂದೆ ಬಂತು. ಹುಬ್ಬಳ್ಳಿ-ಧಾರವಾಡವೂ ಸೇರಿ ರಾಜ್ಯದೆಲ್ಲೆಡೆ ವೈದ್ಯರು ಬೀದಿಗಿಳಿದರು. ಸುಪ್ರೀಂ ಕೋರ್ಟ್ ರಾಷ್ಟ್ರೀಯ ಕಾರ್ಯಪಡೆ ರಚಿಸಿತಲ್ಲದೆ 36, 48 ತಾಸಿನ ಪಾಳಿಗಳು ಅಮಾನವೀಯ ಎಂದಿತು. ಅದೇ ವರ್ಷ ರಾಷ್ಟ್ರೀಯ ವೈದ್ಯಕೀಯ ಆಯೋಗದ ಮಾನಸಿಕ ಆರೋಗ್ಯ ಕಾರ್ಯಪಡೆ ರೆಸಿಡೆಂಟ್‌ಗಳಿಗೆ ವಾರಕ್ಕೆ 74 ತಾಸಿನ ಮಿತಿ, ವಾರಕ್ಕೊಂದು ರಜೆ, ದಿನಕ್ಕೆ 7-8 ತಾಸು ನಿದ್ದೆಯನ್ನು ಶಿಫಾರಸು ಮಾಡಿತು. 1992ರ 48ಕ್ಕೆ ಹೋಲಿಸಿದರೆ 74 ಹಿಂದಡಿಯೇ. ಆದರೂ ನಿದ್ದೆಗೆ ತಾಸಿನ ಲೆಕ್ಕ ಕೊಟ್ಟದ್ದು ಹೊಸದು.

ಪರಿಹಾರ ಕ್ರಮಗಳು

ಪಾಳಿ ಪಟ್ಟಿಯ ರಚನೆಯಲ್ಲಿ ಮಾಡುವ ಬದಲಾವಣೆ ಉಳಿದೆಲ್ಲಕ್ಕಿಂತ ಹೆಚ್ಚು ಫಲ ಕೊಡುತ್ತದೆ. ದೇಹದ ಗಡಿಯಾರಕ್ಕೆ ಮುಂದಕ್ಕೆ ಜರುಗುವುದು ಹಿಂದಕ್ಕೆ ಜರುಗುವುದಕ್ಕಿಂತ ಸುಲಭ. ಆದ್ದರಿಂದ ಮುಂಜಾನೆ, ಮಧ್ಯಾಹ್ನ, ರಾತ್ರಿ ಎಂಬ ಕ್ರಮದಲ್ಲಿ ಪಾಳಿ ತಿರುಗಬೇಕು. ಚಾರ್ಲ್ಸ್ ಝೈಸ್ಲರ್ ಮತ್ತು ಸಂಗಡಿಗರು ಅಮೆರಿಕದ ಯೂಟಾದ ಖನಿಜ ಕಾರ್ಖಾನೆಯೊಂದರಲ್ಲಿ ಇದನ್ನು ಪ್ರಯೋಗಿಸಿ, ಕಾರ್ಮಿಕರ ತೃಪ್ತಿ, ಉತ್ಪಾದನೆ ಎರಡೂ ಹೆಚ್ಚಿದ್ದನ್ನು 1982ರಲ್ಲಿ ವರದಿ ಮಾಡಿದರು. ಸತತ ನೈಟ್‌ಗಳನ್ನು ಮೂರಕ್ಕೆ ಮಿತಿಗೊಳಿಸುವುದು, ನೈಟ್ ಮುಗಿದ ದಿನವನ್ನು ರಜೆಯ ಲೆಕ್ಕಕ್ಕೆ ಹಿಡಿಯದಿರುವುದು, ಪಟ್ಟಿಯನ್ನು ತಿಂಗಳ ಮೊದಲೇ ಹೊರಡಿಸುವುದು ಇವಕ್ಕೆ ಹಣ ಬೇಡ.

ಎರಡರಿಂದ ಮೂರರ ನಡುವೆ ಸರದಿಯ ಮೇಲೆ 20-30 ನಿಮಿಷದ ಕಿರುನಿದ್ದೆ ಕೊಟ್ಟರೆ ನಸುಕಿನ ತಪ್ಪುಗಳು ಕಡಿಮೆಯಾಗುತ್ತವೆ. ಅದಕ್ಕಿಂತ ಹೆಚ್ಚು ಮಲಗಿ ಎದ್ದರೆ ಕೆಲ ಹೊತ್ತು ಮಂಕು ಹಿಡಿಯುವುದರಿಂದ ಎದ್ದ ಕೂಡಲೇ ಸಿರಿಂಜು ಹಿಡಿಯಬಾರದು. ಇಂಥ ನಿದ್ದೆಯನ್ನು ಇಂದು ಕದ್ದು ಮಾಡಬೇಕಾಗಿದೆ, ಸಿಕ್ಕಿಬಿದ್ದರೆ ಮೆಮೊ. ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಒಂದು ಕೋಣೆ, ಪಾಳಿಗಳ ನಡುವೆ ಕನಿಷ್ಠ 12 ತಾಸಿನ ಬಿಡುವು, ನೈಟ್ ಮುಗಿಸಿ ಹೋಗುವವರಿಗೆ ಆಸ್ಪತ್ರೆಯ ವಾಹನ, ಇಷ್ಟನ್ನು ಯಾವ ಆಡಳಿತವೂ ಮಾಡಬಹುದು.

ವ್ಯಕ್ತಿಯ ಮಟ್ಟದಲ್ಲಿ ಪಾಳಿಯ ಕೊನೆಯ ಐದಾರು ತಾಸು ಚಹಾ ಬಿಡುವುದು, ಮನೆಗೆ ಹೋಗುವಾಗ ಕಪ್ಪು ಕನ್ನಡಕ ಹಾಕುವುದು, ಕಿಟಕಿಗೆ ದಪ್ಪ ಪರದೆ ಕಟ್ಟುವುದು, ಮುಂಜಾನೆಯ ನಿದ್ದೆಯ ಜೊತೆಗೆ ಸಂಜೆ ಪಾಳಿಗೆ ಹೊರಡುವ ಮುನ್ನ ಒಂದೂವರೆ ತಾಸು ಮಲಗುವುದು ಉಪಯುಕ್ತ. ಮೂರು ತಿಂಗಳಿಗೂ ಮೀರಿ ನಿದ್ರಾಹೀನತೆ ಇಲ್ಲವೆ ಅತಿ ತೂಕಡಿಕೆ ಕಾಡಿದರೆ ಅದನ್ನು ಪಾಳಿ ಕೆಲಸದ ನಿದ್ರಾವ್ಯಾಧಿ ಎಂದು ಗುರುತಿಸಲಾಗುತ್ತದೆ. ಆಗ ವೈದ್ಯರನ್ನು ಕಾಣಲೇಬೇಕು.

ದಾದಿಯರಿಗಾಗಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1977ರಲ್ಲಿ 149ನೆಯ ಒಡಂಬಡಿಕೆಯನ್ನೂ ಅದರ ಜೊತೆಗೆ 157ನೆಯ ಶಿಫಾರಸನ್ನೂ ಅಂಗೀಕರಿಸಿತು. ದಿನದ ದುಡಿಮೆ ಎಂಟು ತಾಸು ಮೀರದಿರಲಿ, ಪಾಳಿಗಳ ನಡುವೆ 12 ತಾಸು ಬಿಡುವಿರಲಿ ಎಂದು ಶಿಫಾರಸು ಹೇಳುತ್ತದೆ. ಭಾರತ ಈ ಒಡಂಬಡಿಕೆಯನ್ನು ಅನುಮೋದಿಸಿಲ್ಲ. 1992ರ ನಿರ್ದೇಶನವಿರುವುದು ರೆಸಿಡೆಂಟ್ ವೈದ್ಯರಿಗೆ, 2024ರ ಶಿಫಾರಸು ವೈದ್ಯ ವಿದ್ಯಾರ್ಥಿಗಳಿಗೆ. ಗುತ್ತಿಗೆಯ ಮೇಲೆ ದುಡಿಯುವ ಆಯಾ, ಸ್ವಚ್ಛತಾ ಸಿಬ್ಬಂದಿ, ಕಾವಲುಗಾರರ ಪಾಳಿ ಪಟ್ಟಿಯನ್ನು ಬರೆಯುವುದು ಆಸ್ಪತ್ರೆಯೂ ಅಲ್ಲ, ಏಜೆನ್ಸಿಯ ಮೇಲ್ವಿಚಾರಕ. ಬದಲಿಗೆ ಬರಬೇಕಾದವರು ಬಾರದಿದ್ದರೆ ರಾತ್ರಿ ದುಡಿದವರೇ ಹಗಲಿನ ಪಾಳಿಗೂ ನಿಲ್ಲುತ್ತಾರೆ, ಹೆಚ್ಚುವರಿ ಕೂಲಿ ಬೇಕಾಗಿರುವುದರಿಂದ ಬೇಡವೆನ್ನುವುದೂ ಇಲ್ಲ. ರಕ್ತ ಬಿದ್ದ ನೆಲ ಒರೆಸುವವರು, ಸೂಜಿಗಳಿರುವ ಕಸದ ಚೀಲ ಕಟ್ಟುವವರು, ಸ್ಟ್ರೆಚರ್ ತಳ್ಳುವವರು ಇವರೇ. ಆಸ್ಪತ್ರೆಯ ನಿದ್ದೆಯನ್ನು ಅಳೆಯುವ ಮುಂದಿನ ಅಧ್ಯಯನ ಇವರಿಂದ ಶುರುವಾದರೆ ಈವರೆಗಿನ ಸರಾಸರಿಗಳು ಬದಲಾಗುವ ಸಂಭವ ಹೆಚ್ಚು.